ದೋರಸಮುದ್ರದ ಗೋಡೆಯ ಹಗ್ಗ

ನಾಟಕದಲ್ಲಿ ಬೀಳುವ ಗೋಡೆಯ ಹಗ್ಗವನ್ನು ಗೂಟಕ್ಕೆ ಕಟ್ಟಬಾರದು. ಕೈಯಲ್ಲೇ ಹಿಡಿದು ನಿಂತಿರಬೇಕು. ಕಾಡು, ಅರಮನೆ, ಬೀದಿ, ಉದ್ಯಾನ, ಇಂಥ ಪರದೆಗಳನ್ನೆಲ್ಲ ಎಳೆದು ಗಂಟು ಹಾಕಿ ಬೀಡಿ ಸೇದಲು ಹೋಗಬಹುದು. ಗೋಡೆಯನ್ನು ಮಾತ್ರ ಹಾಗೆ ಬಿಟ್ಟು ಹೋಗುವಂತಿಲ್ಲ. ನಮ್ಮ ಕಡೆಯ ಜನ ಯಾವ ಹಾಡಿಗೆ ಎಷ್ಟು ಸಲ ಒನ್ಸ್ ಮೋರ್ ಕೂಗುತ್ತಾರೆಂದು ಯಾರಿಗೂ ಮೊದಲೇ ಗೊತ್ತಿರುವುದಿಲ್ಲ.

ಮೂವತ್ತಾರು ವರ್ಷ ನಾನು ಮಂಡ್ಯದ ಒಂದು ಡ್ರಾಮಾ ಸೀನರಿ ಅಂಗಡಿಯಲ್ಲಿ ದುಡಿದೆ. ಹಳ್ಳಿಯವರು ನಾಟಕ ಕಲಿತು ಆಡುವಾಗ ಪರದೆ, ಸಿಂಹಾಸನ, ಕಿರೀಟ, ಗದೆ, ಲೈಟು ಎಲ್ಲವೂ ನಮ್ಮಲ್ಲಿಂದ ಬಾಡಿಗೆಗೆ ಹೋಗುತ್ತಿದ್ದವು. ಸಾಮಾನಿನ ಜೊತೆ ನಾನೂ ಹೋಗುತ್ತಿದ್ದೆ. ಸ್ಟೇಜು ಕಟ್ಟುವುದು, ಪರದೆ ಎಳೆಯುವುದು, ಬಿಡುವುದು, ಮುಗಿದ ಮೇಲೆ ಸುತ್ತಿ ಲಾರಿಗೆ ತುಂಬುವುದು ನನ್ನ ಕೆಲಸ. ಅಂಗಡಿಯನ್ನು ಈಗ ನೋಡಿಕೊಳ್ಳುವುದು ನಮ್ಮ ಓನರ್ ಚೌಡಪ್ಪನವರ ಮಗಳು. ನಾನು ಕೆಲಸ ಬಿಡುವಾಗ ಅವರು, "ಮರಿಯಣ್ಣ, ಹೊಸದಾಗಿ ಸೇರೋರಿಗೆ ಒಂದೂ ಗೊತ್ತಿರಲ್ಲ. ನಿಮಗೆ ಗೊತ್ತಿರೋದನ್ನೆಲ್ಲ ಬರೆದಿಟ್ಟು ಹೋಗಿ," ಎಂದರು.

ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಬರೆದದ್ದನ್ನು ನನ್ನ ಮಗಳು ತಿದ್ದಿ ಕೊಟ್ಟಿದ್ದಾಳೆ. ತಿದ್ದುತ್ತಾ ಒಂದು ಕಡೆ ಅವಳು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು. ಆ ಜಾಗ ಬಂದಾಗ ನಿಮಗೂ ತಿಳಿಯುತ್ತದೆ.

ಮೊದಲು ಚಿಂದಿಯ ವಿಷಯ. ಸ್ಟೇಜಿನ ಪಕ್ಕದಲ್ಲಿ ಎಂಟು ಹತ್ತು ಹಗ್ಗ ಒಟ್ಟಿಗೆ ಇಳಿಬಿದ್ದಿರುತ್ತವೆ. ಯಾವುದು ಯಾವ ಪರದೆಯದೆಂದು ನೋಡಿದರೆ ತಿಳಿಯುವುದಿಲ್ಲ. ಸೇರಿದ ಹೊಸದರಲ್ಲಿ, ಮಳವಳ್ಳಿ ಕಡೆಯ ಒಂದು ಊರಿನಲ್ಲಿ, ರಾಜ ಒಡ್ಡೋಲಗದಲ್ಲಿ ಕುಳಿತು ಹಾಡು ಎತ್ತುವ ಹೊತ್ತಿಗೆ ನಾನು ಅವನ ಹಿಂದೆ ಸ್ಮಶಾನದ ಪರದೆ ಇಳಿಸಿಬಿಟ್ಟೆ. ತಲೆಬುರುಡೆ, ಉರಿಯುವ ಚಿತೆ, ನರಿ, ಎಲ್ಲ ಇದ್ದವು. ರಾಜನ ಪಾತ್ರಧಾರಿ ಗಟ್ಟಿಗ. ಹಿಂದೆ ತಿರುಗಿ ನೋಡಿ, "ಮಂತ್ರಿಗಳೇ, ನಾವು ಬೇಟೆಗೆ ಹೋಗಿದ್ದಾಗ ಅರಮನೆಯನ್ನು ಚೆನ್ನಾಗಿಯೇ ನೋಡಿಕೊಂಡಿದ್ದೀರಿ," ಎಂದ. ಜನ ಬಿದ್ದು ಬಿದ್ದು ನಕ್ಕರು. ಓನರ್ ಚೌಡಪ್ಪ ಮಾತ್ರ ನಗಲಿಲ್ಲ.

"ಲೇ ಬೊಡ್ಡಿಮಗ್ನೆ, ಬದ್ಕಿರೋ ರಾಜ್ನ ಸುಡುಗಾಡ್ಗೆ ಕಳ್ಸುದ್ಯಲ್ಲೋ! ಕಣ್ಣೇನು ಅಂಗಡೀಲೇ ಮಡಗ್ ಬಂದಿದ್ಯಾ?"

ಮಾರನೆಯ ದಿನವೇ ಪ್ರತಿ ಹಗ್ಗದ ತುದಿಗೂ ಬಣ್ಣದ ಚಿಂದಿ ಕಟ್ಟಿದೆ. ಕಾಡಿಗೆ ಹಸಿರು, ಅರಮನೆಗೆ ಕೆಂಪು, ಬೀದಿಗೆ ಹಳದಿ, ಸ್ಮಶಾನಕ್ಕೆ ಕಪ್ಪು. ಅಂಗಡಿಯಲ್ಲಿ ಈಗಲೂ ಅದೇ ಲೆಕ್ಕ ನಡೆಯುತ್ತಿದೆ.

ಎರಡನೆಯದು, ಲೈಟು ಹೋಗುತ್ತದೆ. ಹೋಗುವುದಿಲ್ಲ ಎಂದುಕೊಂಡು ಯಾವ ಊರಿಗೂ ಹೊರಡಬೇಡಿ. ಬ್ಲಫ್ ಎಂಬ ಊರಿನಲ್ಲಿ, ಕರೆಂಟ್ ತಯಾರಾಗುವ ಪವರ್ ಹೌಸಿನ ನೌಕರರ ಮುಂದೆ ಆಡುವಾಗ, ಸಂಜೆ ದೀಪ ಹಚ್ಚುವ ಹೊತ್ತಿಗೆ, ನಮ್ಮ ಲೈಟಿನ ಬೋರ್ಡು ಚಟಚಟ ಎಂದು ಸುಟ್ಟುಹೋಯಿತು. ಮುಂದಿನ ಸಾಲಿನಲ್ಲಿದ್ದ ಒಬ್ಬರು, "ಕರೆಂಟ್ ಉಟ್ಟೋ ಜಾಗಕ್ಕೇ ಬಂದು ಕತ್ಲೆ ಮಾಡುದ್ರಲ್ರಪ್ಪೋ!" ಎಂದು ಕೂಗಿದರು. ಆಮೇಲೆ ಅವರೇ ಎದ್ದು ಬಂದು, ಪಂಚೆ ಎತ್ತಿ ಕಟ್ಟಿ, ಬೋರ್ಡು ಬಿಚ್ಚಿ ಸರಿ ಮಾಡಿಕೊಟ್ಟರು. ಅವರ ಕೈ ಚಳಕ ನೋಡುತ್ತ ನಿಂತ ದ್ರೌಪದಿ ಪಾತ್ರಧಾರಿ ತನ್ನ ಮಾತನ್ನೇ ಮರೆತಳು. ಅಂದಿನಿಂದ ನಾನು ಎರಡು ಗ್ಯಾಸ್‌ಲೈಟು ಇಲ್ಲದೆ ಲಾರಿ ಹತ್ತಿದವನಲ್ಲ.

ಇನ್ನು ಗೋಡೆ. ಇದನ್ನು ಬರೆಯಲೆಂದೇ ಉಳಿದದ್ದನ್ನು ಬರೆದೆ ಎಂದು ಈಗ ಅನಿಸುತ್ತಿದೆ.

ನಮ್ಮೂರಿನಲ್ಲಿ ನಾಟಕ ಕಲಿಸುತ್ತಿದ್ದ ಹಾರ್ಮೋನಿಯಂ ಮೇಷ್ಟ್ರು ಶಿವಲಿಂಗಯ್ಯನವರು. ಕುರುಕ್ಷೇತ್ರವನ್ನು ಕಲಿಸಿ ಕಲಿಸಿ ಬೇಸರ ಬಂದು, ಅವರೇ ಒಂದು ಹೊಸ ನಾಟಕ ಕಟ್ಟಿದರು. ಹೊಯ್ಸಳರ ರಾಜಧಾನಿ ದೋರಸಮುದ್ರಕ್ಕೆ ದಿಲ್ಲಿಯ ಸೇನೆ ಮುತ್ತಿಗೆ ಹಾಕಿದ ಕಥೆ. ರಾಜ ದಕ್ಷಿಣಕ್ಕೆ ದಂಡೆತ್ತಿ ಹೋಗಿದ್ದಾನೆ. ಊರನ್ನು ಕಾಯಲು ಉಳಿದವನು ಒಬ್ಬ ದಂಡನಾಯಕ. ಕೊನೆಯಲ್ಲಿ ಅವನು ಕೋಟೆಯ ಗೋಡೆಗೆ ಬೆನ್ನು ಕೊಟ್ಟು ನಿಂತು, ತಾನು ಕಾದ ಊರನ್ನು ನೆನೆದು ಹಾಡುತ್ತಾನೆ. ಹಾಡು ಮುಗಿದು ಅವನು ಬಲಗೈ ಎತ್ತಿದ ಕ್ಷಣ ಗೋಡೆ ಕುಸಿದು ಶತ್ರುಗಳು ನುಗ್ಗುತ್ತಾರೆ.

ನಾಟಕ ನೋಡಿದ ಒಬ್ಬ ಶಾಲಾ ಮಾಸ್ತರು, "ಮೇಷ್ಟ್ರೇ, ಆಗ ಅಲ್ಲಿ ಗೋಡೆ ಬೀಳಲಿಲ್ಲ. ರಾಜ ವಾಪಸ್ಸು ಬಂದು ಸಂಧಿ ಮಾಡಿಕೊಂಡ," ಎಂದರಂತೆ. ಅದಕ್ಕೆ ಶಿವಲಿಂಗಯ್ಯನವರು, "ಸಂಧಿ ನೋಡಕ್ಕೆ ಯಾರ್ ಬತ್ತಾರೆ ಸ್ವಾಮಿ? ಜನ ಬರಾದು ಗೋಡೆ ಬೀಳಾದ್ ನೋಡಕ್ಕೆ," ಎಂದಿದ್ದರು.

ಆ ಗೋಡೆಯನ್ನು ಕಟ್ಟಿದವನು ನಾನು. ಬಿದಿರಿನ ಅಡ್ಡಪಟ್ಟಿಗಳಿಗೆ ಗೋಣಿತಾಟು ಹೊಲಿದು, ಮೇಲೆ ಕಾಗದದ ಕಲ್ಲು ಅಂಟಿಸಿ, ಬಣ್ಣ ಬಳಿದು, ಆಳೆತ್ತರಕ್ಕಿಂತ ಹೆಚ್ಚು ಎತ್ತರ ಮಾಡಿದ್ದೆ. ಮೇಲಿನ ರಾಟೆಯ ಮೂಲಕ ಬಂದ ಒಂದೇ ಹಗ್ಗ ಅದನ್ನು ಎತ್ತಿ ಹಿಡಿದಿರುತ್ತಿತ್ತು. ಹಗ್ಗ ಬಿಟ್ಟರೆ ಮೇಲಿನಿಂದ ಮಡಿಕೆ ಮಡಿಕೆಯಾಗಿ ಕುಸಿದು ರಾಶಿಯಾಗುತ್ತಿತ್ತು. ಯಾರಿಗೂ ಪೆಟ್ಟಾಗುತ್ತಿರಲಿಲ್ಲ. ಓನರ್ರು ಅದನ್ನು ಎರಡು ಸಲ ಬೀಳಿಸಿ ಎಬ್ಬಿಸಿ ನೋಡಿದರು. ಅವರ ಬಾಯಿಂದ ಹೊಗಳಿಕೆ ಬರುತ್ತಿದ್ದುದೇ ಹಾಗೆ.

ದಂಡನಾಯಕನ ಪಾತ್ರ ನನಗೆ ಬೇಕಿತ್ತು. ತಾಲೀಮು ನಡೆಯುವಾಗೆಲ್ಲ ಪಕ್ಕದಲ್ಲಿ ಕುಳಿತು ಕೇಳಿ ಕೇಳಿ ಹಾಡು ಪೂರ್ತಿ ಬಾಯಿಗೆ ಬಂದಿತ್ತು. ನನ್ನ ತಮ್ಮ ನಿಂಗರಾಜನಿಗೆ, ಕಬ್ಬಿನ ಗದ್ದೆಗೆ ನೀರು ಕಟ್ಟುವಾಗ, ಆ ಹಾಡು ಹೇಳಿಕೊಟ್ಟವನೂ ನಾನೇ. ಮೇಷ್ಟ್ರು ಇಬ್ಬರಿಂದಲೂ ಹಾಡಿಸಿದರು. ನನ್ನ ಸರದಿ ಮುಗಿದ ಮೇಲೆ ಹಾರ್ಮೋನಿಯಂ ಮೇಲೆ ಬೆರಳಿಟ್ಟುಕೊಂಡು ಸುಮ್ಮನೆ ಕುಳಿತರು. ತಮ್ಮ ಹಾಡುವಾಗ ಮಾತ್ರ ಕಣ್ಣು ಮುಚ್ಚಿ ಬಾರಿಸಿದರು. ಪಾತ್ರ ಅವನಿಗಾಯಿತು. ಆದರೂ ಓನರನ್ನು ಕೇಳಿ ನೋಡಿದೆ.

"ನೀನ್ ಬಣ್ಣ ಅಚ್ಕೊಂಡು ನಿಂತ್ಕೊಂಡ್ರೆ ಅಗ್ಗ ನಿಮ್ಮಪ್ಪ ಇಡ್ಕೊತಾನೇನ್ಲಾ?" ಎಂದರು.

ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ನಾಟಕ ಮದ್ದೂರಿನಲ್ಲಿ, ಶಾಮಿಯಾನದ ಕೆಳಗೆ, ಬೆಳಿಗ್ಗೆ ಹತ್ತಕ್ಕೆ ಶುರು. ಮುತ್ತಿಗೆಯ ಸೀನು ಬರುವ ಹೊತ್ತಿಗೆ ಮಧ್ಯಾಹ್ನ ಮೂರಾಗುತ್ತದೆಂದು ಅಂದಾಜು. ಬಣ್ಣ ಹಚ್ಚಿಕೊಂಡ ಮೇಲೆ ತಮ್ಮ ನನ್ನ ಹತ್ತಿರ ಬಂದ.

"ಅಣ್ಣ, ಆಡು ಮುಗ್ದ ಮ್ಯಾಲೆ ಒಂದ್ ಉಸ್ರು ನಿಲ್ತೀನಿ. ಆಮೇಲೆ ಬಲಗೈ ಎತ್ತೀನಿ. ಎತ್ತೋಗಂಟ ಬುಡ್ಬ್ಯಾಡ."

"ಒನ್ಸ್ ಮೋರ್ ಬಂದ್ರೆ?"

"ಬಂದ್ರೆ ಕೈ ಎತ್ತದೆ ತಿರ್ಗಾ ಮೊದ್ಲಿಂದ ಇಡಿತೀನಿ. ಆದ್ರೆ ನಂಗ್ಯಾರ್ ಒನ್ಸ್ ಮೋರ್ ಅಂದಾರು, ಬುಡಣ್ಣ."

ಅವನ ಭುಜಕೀರ್ತಿಯ ದಾರ ಸಡಿಲವಾಗಿತ್ತು. ನಾನೇ ಬಿಗಿದು ಕಟ್ಟಿದೆ.

ಅವನು ಚೆನ್ನಾಗಿ ಹಾಡಿದ. ಚೆನ್ನಾಗಿ ಅಂದರೆ ಸಾಲದು. ನಾನು ಗದ್ದೆಯ ಬದುವಿನ ಮೇಲೆ ಹೇಳಿಕೊಟ್ಟ ಹಾಡು ಅವನ ಬಾಯಲ್ಲಿ ಬೇರೆಯದೇ ಆಗಿತ್ತು. ಗೋಡೆಗೆ ಒರಗಿದಂತೆ ನಿಂತು, ಬಲಗೈಯನ್ನು ಎದೆಯ ಮೇಲಿಟ್ಟು, ಊರಿನ ಒಂದೊಂದು ಬೀದಿಯ ಹೆಸರು ಹೇಳುತ್ತಾ ಹಾಡುತ್ತಿದ್ದರೆ ಕಡಲೆಕಾಯಿ ಮಾರುವವನೂ ನಿಂತುಬಿಟ್ಟ. ಮುಗಿಯುತ್ತಲೇ ಒನ್ಸ್ ಮೋರ್. ತಮ್ಮ ಕೈ ಎತ್ತಲಿಲ್ಲ. ಮೇಷ್ಟ್ರ ಕಡೆ ನೋಡಿ ಮತ್ತೆ ಮೊದಲಿನಿಂದ ಎತ್ತಿಕೊಂಡ. ಎರಡನೆಯ ಸಲ ಮುಗಿದಾಗ ಜನ ಎದ್ದು ನಿಂತು ಕೂಗಿದರು. ನಮ್ಮ ಕಡೆ ಪದ್ಧತಿ ನಿಮಗೆ ಗೊತ್ತೇ ಇದೆ. ಸೀನು ನಡೆಯುತ್ತಿರುವಾಗಲೇ ನೆಂಟರಿಷ್ಟರು ಸ್ಟೇಜು ಹತ್ತಿ ಪಾತ್ರಧಾರಿಗೆ ಹಾರ ಹಾಕುತ್ತಾರೆ. ಐದಾರು ಹಾರ ಬಿದ್ದವು. ದೋರಸಮುದ್ರ ಮುತ್ತಿಗೆಯಲ್ಲಿತ್ತು, ದಂಡನಾಯಕನ ಕೊರಳಲ್ಲಿ ಚೆಂಡುಹೂವಿನ ಹಾರ ಗಲ್ಲದವರೆಗೂ ಬಂದಿತ್ತು.

ನಾನು ಹಗ್ಗ ಹಿಡಿದೇ ನಿಂತಿದ್ದೆ. ಅಂಗೈ ಉರಿಯುತ್ತಿತ್ತು.

ಮೂರನೆಯ ಸಲ ಅವನು ಹಾಡು ಎತ್ತಿದ ಮೇಲೆ ನಮ್ಮವ್ವ ಸ್ಟೇಜು ಹತ್ತಿದಳು. ಕೈಯಲ್ಲಿ ಕನಕಾಂಬರದ ದಂಡೆ. ತಮ್ಮನ ಕೊರಳಲ್ಲಿ ಜಾಗವಿಲ್ಲದೆ ಅದನ್ನು ಕಿರೀಟಕ್ಕೆ ಸಿಕ್ಕಿಸಿದಳು. ಮೇಷ್ಟ್ರು ಬಾರಿಸುವುದನ್ನು ನಿಲ್ಲಿಸಿದರು. ಅವಳು ಜನರ ಕಡೆ ತಿರುಗಿ, ಮೈಕು ಇರುವುದು ಗೊತ್ತಿಲ್ಲದೆ, ಮೈಕಿನ ಮುಂದೆಯೇ ಕೂಗಿದಳು:

"ಇವ ನನ್ ಮಗ ಕಣ್ರಪ್ಪೋ! ನನ್ ಮಗ!"

ಚಪ್ಪಾಳೆ, ಸೀಟಿ. ಅವಳು ಇಳಿದುಹೋಗುವಾಗ ನನ್ನಿಂದ ಎರಡು ಮಾರು ದೂರದಲ್ಲಿ ಹಾದುಹೋದಳು. ಸೈಡಿನ ಪರದೆ ಸರಿದಿತ್ತು, ನಾನು ಕಾಣುತ್ತಿದ್ದೆ. ಅವಳು ಈ ಕಡೆ ನೋಡುತ್ತಾಳೆಂದು ಕಾದೆ. ನೋಡಲಿಲ್ಲ.

ತಮ್ಮ ನಿಂತಲ್ಲಿಂದ ಹಾಡು ಮುಂದುವರಿಸಿದ. ಇನ್ನೂ ಎರಡು ಸಾಲು ಬಾಕಿ ಇತ್ತು. ಅವನ ಬಲಗೈ ಎದೆಯ ಮೇಲೆ, ಹಾರಗಳ ಒಳಗೆ ಇತ್ತು. ನಾನು ಅದನ್ನು ನೋಡುತ್ತಲೇ ಇದ್ದೆ.

ಹಗ್ಗ ಕೈ ಜಾರಲಿಲ್ಲ. ನಾನು ಮುಷ್ಟಿ ಬಿಚ್ಚಿದೆ.

ನನ್ನ ಮಗಳು ಪೆನ್ನು ಕೆಳಗಿಟ್ಟ ಜಾಗ ಇದು.

ಗೋಡೆ ಕುಸಿಯಿತು. ಅದರ ಹಿಂದೆ ದಿಲ್ಲಿಯ ಸೇನೆ, ನಮ್ಮೂರಿನ ಎಂಟು ಜನ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದರು. ಒನ್ಸ್ ಮೋರ್ ಮೇಲೆ ಒನ್ಸ್ ಮೋರ್ ಆಗಿ ತಡವಾಗುತ್ತಿದೆಯೆಂದು ಮದ್ದೂರು ವಡೆ ತರಿಸಿಕೊಂಡು ತಿನ್ನುತ್ತಿದ್ದರು. ಒಬ್ಬ ಶಿರಸ್ತ್ರಾಣವನ್ನು ತಿರುಗಿಸಿಟ್ಟು ಅದರೊಳಗೆ ವಡೆ ಹಾಕಿಕೊಂಡಿದ್ದ. ಸೇನಾಪತಿ ವಡೆಯನ್ನು ಬಾಯಲ್ಲಿ ಕಚ್ಚಿಕೊಂಡೇ ಎದ್ದು ಕತ್ತಿ ಹಿರಿದ. ಶಾಮಿಯಾನ ಹಾರಿಹೋಗುವಂತೆ ಜನ ನಕ್ಕರು. ಕೆಲವರು ಅದಕ್ಕೂ ಒನ್ಸ್ ಮೋರ್ ಎಂದರು.

ತಮ್ಮ ತಿರುಗಿ ಗೋಡೆ ಬಿದ್ದಿದ್ದನ್ನು ನೋಡಿದ. ಆಮೇಲೆ ತನ್ನ ಬಲಗೈಯನ್ನು ನೋಡಿಕೊಂಡ. ಅದನ್ನು ಕಂಡೂ ನನಗೆ ಅರ್ಥವಾಗಲಿಲ್ಲ.

ಬಣ್ಣದ ಮನೆಯಲ್ಲಿ ಓನರ್ರು ಹಲ್ಲು ಕಡಿಯುತ್ತ ನಿಂತಿದ್ದರು. "ಯಾವನ್ಲಾ ಅಗ್ಗ ಬುಟ್ಟಿದ್ದು?" ಎಂದು ನನ್ನ ಕಡೆಗೇ ಬಂದರು. ನಾನು ಬಾಯಿ ತೆರೆಯುವ ಮೊದಲೇ ತಮ್ಮ ಅಡ್ಡ ಬಂದ.

"ಓನರ್ರೇ, ಅಣ್ಣುಂದೇನಿಲ್ಲ. ನಂದೇ ತಪ್ಪು. ಅವ್ವ ದಂಡೆ ಸಿಕ್ಸುವಾಗ ಆರ ಸರಿ ಮಾಡ್ಕೊಳಕ್ ಓಗಿ ಕೈ ಎತ್ಬುಟ್ಟೆ ಅನ್ಸುತ್ತೆ."

ಓನರ್ರು ನನ್ನನ್ನು ನೋಡಿದರು. ನಾನು ಹೌದೆಂದು ತಲೆ ಆಡಿಸಿದೆ. ತಮ್ಮ ನನ್ನ ಮಾನ ಉಳಿಸಲು ಸುಳ್ಳು ಹೇಳಿದ ಎಂದುಕೊಂಡೆ. ಅವನಿಗೆ ಎಲ್ಲ ಗೊತ್ತಿದೆ, ಗೊತ್ತಿದ್ದೂ ಮುಚ್ಚಿದ, ಒಂದು ದಿನ ಅವನೇ ಕೇಳುತ್ತಾನೆ, ಆಗ ಕಾಲು ಹಿಡಿದರಾಯಿತು ಎಂದುಕೊಂಡೆ. ಅವನು ಕೇಳಲಿಲ್ಲ.

ಊರಿನಲ್ಲಿ ಅವನಿಗೆ ವಡೆ ದಂಡನಾಯಕ ಎಂದು ಹೆಸರು ಬಿತ್ತು. ಬಸ್ಸು ಹತ್ತಿದರೆ ಯಾರಾದರೊಬ್ಬರು ಹಿಂದಿನಿಂದ, "ಕೈ ಇಳ್ಸ್ಲಾ, ಬಸ್ಸು ಬಿದ್ದೋದಾತು!" ಎನ್ನುತ್ತಿದ್ದರು. ಮಳವಳ್ಳಿಯಲ್ಲಿ ಅದೇ ನಾಟಕ ಮತ್ತೆ ಗೊತ್ತಾದಾಗ ಮೇಷ್ಟ್ರೇ ಮನೆಗೆ ಬಂದು ಕರೆದರು. "ನನ್ ಕೈ ನನ್ ಮಾತ್ ಕೇಳಲ್ಲ ಮೇಷ್ಟ್ರೇ, ಬ್ಯಾರೆಯೋರ್ನ ನೋಡ್ಕೊಳಿ," ಎಂದ. ಆಮೇಲೆ ಅವನು ಬಣ್ಣ ಹಚ್ಚಲೇ ಇಲ್ಲ. ಸೋಮನಹಳ್ಳಿಯ ಒಂದು ಸಣ್ಣ ಫ್ಯಾಕ್ಟರಿಗೆ ಸೇರಿದ, ಅಲ್ಲೇ ಮನೆ ಮಾಡಿದ. ಮದುವೆ ಮನೆಯಲ್ಲಿ ಯಾರಾದರೂ ಹಾಡು ಎಂದರೂ ಎದ್ದು ಹೋಗುತ್ತಿದ್ದ.

ಬೇರೆಯವರು ದಂಡನಾಯಕರಾದರು. ಆ ಗೋಡೆಯನ್ನು ನಾನು ಎಷ್ಟು ಊರಿನಲ್ಲಿ ಬೀಳಿಸಿದೆನೋ ನೆನಪಿಲ್ಲ. ಒಂದು ಸಲವೂ ಮೊದಲೂ ಆಗಲಿಲ್ಲ, ತಡವೂ ಆಗಲಿಲ್ಲ. "ಮರಿಯಣ್ಣ ಅಗ್ಗ ಇಡ್ದ್ರೆ ಇಡ್ದ" ಎಂದು ನನ್ನ ಹೆಸರು ಹೇಳುವವರಾದರು. ಹಾಗೆ ಅಂದಾಗೆಲ್ಲ ಅಲ್ಲಿಂದ ಎದ್ದು ಹೋಗುವುದನ್ನು ನಾನೂ ಕಲಿತೆ.

ಅವ್ವ ಕಾಯಿಲೆ ಬಿದ್ದು ಮಲಗಿದ್ದಾಗ ಒಂದು ದಿನ ಗಂಜಿ ಕುಡಿಸುತ್ತಿದ್ದೆ. ಅವಳು ಇದ್ದಕ್ಕಿದ್ದಂತೆ, "ಅವತ್ತು ನಾನ್ ದಂಡೆ ಮುಡ್ಸಕ್ ಓಗ್ಬಾರ್ದಾಗಿತ್ತು ಕಣ್ಲಾ. ನನ್ನಿಂದ್ಲೇ ಮಗಾ ಕೈ ಎತ್ತಿದ್ದು. ಸಂದಾಗ್ ಆಡ್ತಿತ್ತು ಕೂಸು," ಎಂದಳು.

ಚಮಚ ನನ್ನ ಕೈಯಲ್ಲೇ ಇತ್ತು. "ಅಳೇ ಮಾತ್ಯಾಕೀಗ, ಬುಡವ್ವ," ಎಂದೆ. ಅಷ್ಟೇ ಹೇಳಿದೆ. ಅವಳು ಹೋಗಿ ಈಗ ಬಹಳ ವರ್ಷವಾಯಿತು. ಮುಷ್ಟಿ ಬಿಚ್ಚಿದ್ದು ಒಂದು ಗಳಿಗೆಯ ಕೆಲಸ. ಆ ಚಮಚ ಹಿಡಿದು ಸುಮ್ಮನೆ ಕುಳಿತದ್ದು ಅದಕ್ಕಿಂತ ದೊಡ್ಡ ತಪ್ಪು ಎಂದು ನನ್ನ ಲೆಕ್ಕ.

ಈಗ ಕೆಲಸವೇ ಬೇರೆಯಾಗಿದೆ. ಹಿಂದೆ ಪರದೆ ಇದ್ದಲ್ಲಿ ಎಲ್‌ಇಡಿ ಸ್ಕ್ರೀನು. ಕಾಡು, ಅರಮನೆ, ಸ್ಮಶಾನ ಎಲ್ಲ ಲ್ಯಾಪ್‌ಟಾಪಿನಲ್ಲಿ. ನಾನು ಕೆಲಸ ಬಿಡುವ ವಾರ ಮಂಡ್ಯದಲ್ಲಿ ದೋರಸಮುದ್ರದ ನಾಟಕ ಮತ್ತೆ ಆಡಿದರು. ಹೊಸ ದಂಡನಾಯಕ ಹಾಡಿ ಕೈ ಎತ್ತಿದ. ಸ್ಕ್ರೀನಿನ ಮೇಲೆ ಕೋಟೆ ಬೀಳತೊಡಗಿತು, ಹೊಗೆ, ಧೂಳು, ಸದ್ದು, ಎಲ್ಲ ನಿಜವಾದಂತೆ. ಅಷ್ಟರಲ್ಲಿ ಯಾರೋ ತಡವಾಗಿ ಒನ್ಸ್ ಮೋರ್ ಕೂಗಿದರು. ಲ್ಯಾಪ್‌ಟಾಪಿನ ಮುಂದೆ ಕುಳಿತಿದ್ದ ಹುಡುಗಿ ಒಂದು ಗುಂಡಿ ಒತ್ತಿದಳು. ಅರ್ಧ ಕುಸಿದ ಗೋಡೆ ಹಾಗೇ ನಿಂತಿತು. ಇನ್ನೊಂದು ಒತ್ತಿದಳು. ಬಿದ್ದ ಕಲ್ಲುಗಳೆಲ್ಲ ಮೇಲೆ ಹೋಗಿ ತಮ್ಮ ತಮ್ಮ ಜಾಗದಲ್ಲಿ ಕುಳಿತವು.

"ಇಷ್ಟೇ ಅಂಕಲ್. ಎಷ್ಟು ಸಲ ಬೇಕಾದ್ರೂ ವಾಪಸ್ ತರಬಹುದು," ಎಂದು ನನ್ನ ಕಡೆ ನೋಡಿ ನಕ್ಕಳು.

ನಾನು ಮಾರನೆಯ ಬೆಳಿಗ್ಗೆ ಸೋಮನಹಳ್ಳಿಯ ಬಸ್ಸು ಹತ್ತಿದೆ.

ತಮ್ಮ ಮನೆಯ ಮುಂದೆ ಸ್ಕೂಟರು ತೊಳೆಯುತ್ತಿದ್ದ. "ಏನಣ್ಣ, ಯೋಳ್ದೆ ಕೇಳ್ದೆ ಬಂದ್ಬುಟ್ಟೆ? ಕುಂತ್ಕೊ," ಎಂದ. ಕುಳಿತುಕೊಂಡರೆ ಹೇಳಲು ಬಾಯಿ ಬರುವುದಿಲ್ಲವೆಂದು ನಿಂತೇ ಇದ್ದೆ.

"ನಿಂಗ, ಅವತ್ತು ಮದ್ದೂರಲ್ಲಿ ನೀನ್ ಕೈ ಎತ್ತಿರ್ಲಿಲ್ಲ ಕಣ್ಲಾ. ನಾನೇ ಬುಟ್ಟೆ. ಒಟ್ಟೆಕಿಚ್ಚಿಗೆ ಬುಟ್ಟೆ."

ಪೈಪಿನಲ್ಲಿ ನೀರು ಹರಿಯುತ್ತಲೇ ಇತ್ತು. ಅವನು ತನ್ನ ಬಲಗೈ ನೋಡಿಕೊಂಡ, ಅವತ್ತಿನ ಹಾಗೆಯೇ.

"ಎತ್ತಿರ್ನಿಲ್ವಾ?"

"ಇಲ್ಲ. ಎದೆ ಮ್ಯಾಲಿತ್ತು. ನೀ ನನ್ನ ಉಳ್ಸಕ್ಕೆ ಅಂಗಂದೆ ಅಂತ ಇಷ್ಟ್ ದಿನ…"

"ಉಳ್ಸಕ್ಕಾ?" ಅವನ ದನಿ ಏರಿತು. "ನಿನ್ನ ಯಾಕಣ್ಣ ಉಳುಸ್ಲಿ? ನೀನ್ ತಪ್ ಮಾಡೋನಲ್ಲ ಅಂತ ನಂಬಿದ್ದೆ. ನಿನ್ ಕೈ ತಪ್ಪಲ್ಲ, ಅಂಗಾರೆ ನನ್ ಕೈಯೇ ತಪ್ಪಿರ್ಬೇಕು ಅಂತ. ಆರದೊಳ್ಗೆ ಕೈ ಎಲ್ಲಿತ್ತು ಅಂತ ನಂಗೇ ತಿಳೀನಿಲ್ಲ. ದಿನಾ ಮಲೀಕೊಂಡು ಅದ್ನೇ ಗ್ಯಾನ ಮಾಡ್ತಿದ್ದೆ. ಎತ್ತುದ್ನಾ, ಎತ್ನಿಲ್ವಾ. ಎತ್ತುದ್ನಾ, ಎತ್ನಿಲ್ವಾ."

ನಾನು ಬಗ್ಗಿ ಕಾಲು ಹಿಡಿಯಲು ಹೋದೆ. ಹಿಂದಕ್ಕೆ ಸರಿದ.

"ಮುಟ್ಬ್ಯಾಡ. ಅವ್ವಂಗೆ ಯೋಳುದ್ಯಾ?"

"ಇಲ್ಲ."

ಅವನು ನಲ್ಲಿ ನಿಲ್ಲಿಸಿದ. ಆಮೇಲೆ ಒಳಗೆ ಅಡಿಗೆ ಮಾಡುತ್ತಿದ್ದ ಹೆಂಡತಿಯನ್ನು ಕೂಗಿ ಕರೆದ. ಅವಳು ಕೈ ಒರೆಸಿಕೊಳ್ಳುತ್ತಾ ಬಂದಳು.

"ಇನ್ನೊಂದ್ಸಲ ಯೋಳಣ್ಣ. ಇವ್ಳು ಕೇಳುಸ್ಕೊಳ್ಳಿ."

ಹೇಳಿದೆ. ಕಾಂಪೌಂಡಿನ ಆಚೆ ಪಕ್ಕದ ಮನೆಯವನು, ಅವನೂ ನಮ್ಮ ಕಡೆಯವನೇ, ಹಲ್ಲುಜ್ಜುತ್ತಾ ನಿಂತಿದ್ದ. ನಿಂಗರಾಜನನ್ನು ಮದುವೆ ಮನೆಗಳಲ್ಲಿ ವಡೆ ದಂಡನಾಯಕ ಎಂದು ರೇಗಿಸಿದವರಲ್ಲಿ ಅವನೂ ಒಬ್ಬ. ತಮ್ಮ ಅವನ ಕಡೆ ಕೈ ತೋರಿಸಿ, "ಅವ್ನಿಗೂ," ಎಂದ. ಮೂರನೆಯ ಸಲ ಹೇಳಿದೆ. ಹೇಳುವಾಗ ತಮ್ಮ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ.

ಅವನು ನನ್ನನ್ನು ಕ್ಷಮಿಸಿದ ಎಂದು ಬರೆದರೆ ಸುಳ್ಳಾಗುತ್ತದೆ. ಒಳಗೆ ಕರೆಯಲಿಲ್ಲ, ಕಾಫಿ ಕೊಡಲಿಲ್ಲ. ಬಸ್ ಸ್ಟಾಪಿನವರೆಗೆ ಜೊತೆಯಲ್ಲಿ ಬಂದ, ಅಷ್ಟೇ. ಬಸ್ಸು ಬರುವಾಗ, "ಅವತ್ತು ಅಲ್ಲಿ ಕುಂತಿದ್ದೋರ್ಗೆಲ್ಲ ಯಾರ್ ಯೋಳೋರು?" ಎಂದ.

"ಬರಿತೀನಿ," ಎಂದೆ.

ಅದಕ್ಕೇ ಬರೆದಿದ್ದೇನೆ. ಹೊಸದಾಗಿ ಕೆಲಸಕ್ಕೆ ಸೇರುವವರು ಚಿಂದಿಯ ಬಣ್ಣ ಕಲಿಯಿರಿ, ಗ್ಯಾಸ್‌ಲೈಟು ಮರೆಯಬೇಡಿ, ಗೋಡೆಯ ಹಗ್ಗ ಹಿಡಿದಾಗ ಪಾತ್ರಧಾರಿಯ ಕೈಯನ್ನು ಬಿಟ್ಟು ಬೇರೇನನ್ನೂ ನೋಡಬೇಡಿ. ಮದ್ದೂರಿನ ಆ ಶಾಮಿಯಾನದ ಕೆಳಗೆ ಅಂದು ಕುಳಿತು ನಕ್ಕವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮಗೆ ತಿಳಿದಿರಲಿ: ದಂಡನಾಯಕನ ಬಲಗೈ ಎದೆಯ ಮೇಲಿತ್ತು. ಹಾಡಿನ ಎರಡು ಸಾಲು ಇನ್ನೂ ಬಾಕಿ ಇತ್ತು. ಗೋಡೆಯ ಪಕ್ಕದಲ್ಲೇ ನಿಂತು ನಾನು ಅದನ್ನು ನೋಡಿದ್ದೇನೆ.